ತಲೆ ಮತ್ತು ಕುತ್ತಿಗೆ ಕ್ಯಾನ್ಸರ್‌ನಲ್ಲಿ ಆಣ್ವಿಕ ಸೂಚಕಗಳ ಬಳಕೆ: ಪತ್ತೆಯಿಂದ ನಿಗಾವರೆಗೆ ಹಂತ ಹಂತದ ಮಾರ್ಗದರ್ಶಿ

ತಲೆ ಮತ್ತು ಕುತ್ತಿಗೆ ಕ್ಯಾನ್ಸರ್ ಎಂಬ ಒಂದು ಹೆಸರಿನ ಅಡಿಯಲ್ಲಿ ಬಾಯಿ, ನಾಲಿಗೆ, ಟಾನ್ಸಿಲ್, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಹಿಂಭಾಗ, ಲಾಲಾಗ್ರಂಥಿ ಇವುಗಳಲ್ಲಿ ಹುಟ್ಟುವ ಹಲವು ಕಾಯಿಲೆಗಳು ಸೇರಿಕೊಂಡಿವೆ. ಇವುಗಳಲ್ಲಿ ಶೇಕಡಾ 90ರಷ್ಟು ಅಥವಾ ಅದಕ್ಕೂ ಹೆಚ್ಚು ಒಳಪದರದ ಕೋಶಗಳಿಂದ ಹುಟ್ಟುವ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾಗಳು. ಸೂಕ್ಷ್ಮದರ್ಶಕದಲ್ಲಿ ಒಂದೇ ಬಗೆಯಾಗಿ ಕಂಡರೂ ಅವುಗಳ ಮೂಲ ಒಂದಲ್ಲ. ಬಾಯಿ ಮತ್ತು ಧ್ವನಿಪೆಟ್ಟಿಗೆಯ ಗಡ್ಡೆಗಳ ಹಿಂದೆ ಬಹುಪಾಲು ತಂಬಾಕು, ಮದ್ಯ, ಅಡಿಕೆ ಇರುತ್ತವೆ. ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಗಡ್ಡೆಗಳಲ್ಲಿ ದೊಡ್ಡದೊಂದು ಪಾಲಿಗೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಕಾರಣ. ಮೂಗಿನ ಹಿಂಭಾಗದ ನೇಸೋಫ್ಯಾರಿಂಕ್ಸ್ ಕ್ಯಾನ್ಸರ್‌ಗೂ ಎಪ್‌ಸ್ಟೀನ್-ಬಾರ್ ವೈರಸ್‌ಗೂ, ಅಂದರೆ ಇಬಿವಿಗೂ, ಇರುವ ನಂಟು ಬಲವಾದದ್ದು.

ಆಣ್ವಿಕ ಸೂಚಕ ಎಂದರೆ ಈ ಮೂಲದ ಗುರುತನ್ನು ಅಥವಾ ಗಡ್ಡೆಯ ಸ್ವಭಾವವನ್ನು ತೋರಿಸಿಕೊಡುವ ಡಿಎನ್‌ಎ, ಆರ್‌ಎನ್‌ಎ ಅಥವಾ ಪ್ರೋಟೀನ್. ಇಂತಹ ಪರೀಕ್ಷೆಗಳನ್ನು ಬರೆಯುವ ವೈದ್ಯರು ಮತ್ತು ದಂತವೈದ್ಯರು, ಮಾದರಿಯನ್ನು ಕೈಯಲ್ಲಿ ಹಿಡಿಯುವ ಪ್ರಯೋಗಾಲಯದ ಸಿಬ್ಬಂದಿ, ವರದಿಯನ್ನು ಅರ್ಥಮಾಡಿಕೊಳ್ಳಬಯಸುವ ರೋಗಿಗಳು ಮತ್ತು ಮನೆಯವರು, ಈ ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಲಾಗಿದೆ. ಉದ್ದಕ್ಕೂ ನಾನು ಒತ್ತಿ ಹೇಳಲಿರುವುದು ಒಂದೇ ಮಾತು: ಪ್ರತಿಯೊಂದು ಸೂಚಕವೂ ಒಂದು ನಿರ್ದಿಷ್ಟ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಪ್ರಶ್ನೆ ಸ್ಪಷ್ಟವಾಗದೆ ಮಾಡಿಸಿದ ಪರೀಕ್ಷೆ ಎಷ್ಟೇ ಸೂಕ್ಷ್ಮವಾಗಿದ್ದರೂ ರೋಗಿಗೆ ಆತಂಕವನ್ನಲ್ಲದೆ ಬೇರೇನನ್ನೂ ತಂದುಕೊಡದಿರಬಹುದು.

ಹಂತ 1: ಪರೀಕ್ಷೆಗಿಂತ ಮೊದಲು ಪ್ರಶ್ನೆಯನ್ನು ಬರೆದುಕೊಳ್ಳಿ

ರೋಗಲಕ್ಷಣವೇ ಇಲ್ಲದವರಲ್ಲಿ ಕ್ಯಾನ್ಸರ್ ಹುಡುಕುವುದು ತಪಾಸಣೆ. ಕಣ್ಣಿಗೆ ಕಂಡ ಹುಣ್ಣು ಅಥವಾ ಗಂಟು ಕ್ಯಾನ್ಸರ್ ಹೌದೇ ಎಂದು ತಿಳಿಯುವುದು ರೋಗನಿರ್ಣಯ. ಖಚಿತವಾದ ಕ್ಯಾನ್ಸರ್ ಯಾವ ಬಗೆಯದು, ಅದರ ಮುನ್ನೋಟ ಹೇಗಿದೆ ಎನ್ನುವುದು ಮೂರನೆಯ ಪ್ರಶ್ನೆ. ಯಾವ ಔಷಧ ಕೆಲಸ ಮಾಡೀತು ಎನ್ನುವುದು ನಾಲ್ಕನೆಯದು. ಚಿಕಿತ್ಸೆ ಫಲಿಸುತ್ತಿದೆಯೇ, ಕಾಯಿಲೆ ಮರುಕಳಿಸಿದೆಯೇ ಎನ್ನುವುದು ಐದನೆಯದು.

ಈ ಐದಕ್ಕೂ ಇರುವ ಪುರಾವೆಯ ಬಲ ಸಮನಾಗಿಲ್ಲ. ಗಡ್ಡೆಯ ಬಗೆ ಮತ್ತು ಔಷಧದ ಆಯ್ಕೆಗೆ ಬಳಸುವ ಸೂಚಕಗಳು ದೈನಂದಿನ ಚಿಕಿತ್ಸೆಯ ಭಾಗವಾಗಿವೆ. ವೈರಸ್ ಮೂಲದ ಕ್ಯಾನ್ಸರ್‌ಗಳ ನಿಗಾದಲ್ಲಿ ರಕ್ತಪರೀಕ್ಷೆ ಬಹಳ ಮುಂದೆ ಹೋಗಿದೆ. ತಂಬಾಕು ಮೂಲದ ಕ್ಯಾನ್ಸರ್‌ಗಳ ನಿಗಾ ಇನ್ನೂ ಬೆಳೆಯುತ್ತಿರುವ ಕ್ಷೇತ್ರ. ಬಯಾಪ್ಸಿಯ ಸ್ಥಾನವನ್ನು ಪೂರ್ತಿಯಾಗಿ ತುಂಬಬಲ್ಲ ರಕ್ತ ಅಥವಾ ಲಾಲಾರಸದ ಪರೀಕ್ಷೆ ಇಂದಿಗೂ ಇಲ್ಲ. ಪ್ರಶ್ನೆಯ ಜೊತೆಗೆ ಇನ್ನೊಂದು ಸಾಲನ್ನೂ ಬರೆದುಕೊಳ್ಳಬೇಕು: ಉತ್ತರ ಪಾಸಿಟಿವ್ ಬಂದರೆ ಏನು ಮಾಡುತ್ತೇನೆ, ನೆಗೆಟಿವ್ ಬಂದರೆ ಏನು ಮಾಡುತ್ತೇನೆ. ಎರಡಕ್ಕೂ ಮುಂದಿನ ಹೆಜ್ಜೆ ಒಂದೇ ಆಗಿದ್ದರೆ ಆ ಪರೀಕ್ಷೆ ಬೇಕಾಗಿಲ್ಲ.

ಹಂತ 2: ಕಣ್ಣು, ಬೆರಳು, ಬಯಾಪ್ಸಿ ಮೊದಲು

ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಹೋಗದ ಧ್ವನಿಯ ಗೊಗ್ಗರು, ನೋವಿಲ್ಲದ ಕುತ್ತಿಗೆಯ ಗಂಟು, ನುಂಗುವಾಗ ತೊಂದರೆ, ಒಂದೇ ಕಿವಿಯಲ್ಲಿ ಕಾರಣ ತಿಳಿಯದ ನೋವು, ಇವು ಇದ್ದಾಗ ಮೊದಲು ಆಗಬೇಕಾದದ್ದು ಬಾಯಿ ಮತ್ತು ಕುತ್ತಿಗೆಯನ್ನು ಮುಟ್ಟಿ ನೋಡುವ ಪರೀಕ್ಷೆ, ಗಂಟಲಿನ ಎಂಡೋಸ್ಕೋಪಿ, ಬಳಿಕ ಬಯಾಪ್ಸಿ ಅಥವಾ ಗಂಟಿನಿಂದ ಸೂಜಿಯ ಮೂಲಕ ಕೋಶ ತೆಗೆಯುವ ಪರೀಕ್ಷೆ. ಸೂಚಕಗಳ ಕೆಲಸ ಆರಂಭವಾಗುವುದು ಇಲ್ಲಿ ದೊರೆತ ಅಂಗಾಂಶದಿಂದಲೇ.

ಅಂಗಾಂಶವನ್ನು ಹೇಗೆ ನೋಡಿಕೊಂಡಿದ್ದೇವೆ ಎಂಬುದು ಮುಂದಿನ ಎಲ್ಲ ಪರೀಕ್ಷೆಗಳ ಗುಣಮಟ್ಟವನ್ನು ನಿರ್ಧರಿಸುತ್ತದೆ. ತುಣುಕನ್ನು ತಡಮಾಡದೆ ಶೇಕಡಾ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ ಹಾಕಬೇಕು. ಸಾಮಾನ್ಯವಾಗಿ 6ರಿಂದ 72 ಗಂಟೆಗಳ ಮಿತಿಯನ್ನು ಪಾಲಿಸಲಾಗುತ್ತದೆ. ಹೆಚ್ಚು ಕಾಲ ಬಿಟ್ಟರೆ ಡಿಎನ್‌ಎ ತುಂಡು ತುಂಡಾಗುತ್ತದೆ. ದವಡೆಯ ಮೂಳೆ ಸೇರಿದ ಮಾದರಿಯನ್ನು ಮೆದುಗೊಳಿಸಲು ಪ್ರಬಲ ಆಮ್ಲ ಬಳಸಿದರೆ ಡಿಎನ್‌ಎ ಹಾಳಾಗುವುದರಿಂದ, ಆಣ್ವಿಕ ಪರೀಕ್ಷೆಗೆ ಮೂಳೆ ಸೇರದ ಒಂದು ತುಣುಕನ್ನು ಬೇರೆಯಾಗಿ ಉಳಿಸಿಕೊಳ್ಳುವುದು ಅಥವಾ ಆಮ್ಲದ ಬದಲು ಕ್ಯಾಲ್ಸಿಯಂ ಹಿಡಿದು ತೆಗೆಯುವ ಇಡಿಟಿಎ ಎಂಬ ರಾಸಾಯನಿಕದ ವಿಧಾನವನ್ನು ಬಳಸುವುದು ಲೇಸು. ಚಿಕ್ಕ ಬಯಾಪ್ಸಿಯನ್ನು ಸಿಕ್ಕ ಸಿಕ್ಕ ಪರೀಕ್ಷೆಗೆ ಕತ್ತರಿಸುತ್ತ ಹೋದರೆ ಮುಖ್ಯವಾದ ಪರೀಕ್ಷೆಯ ಹೊತ್ತಿಗೆ ಅಂಗಾಂಶವೇ ಮುಗಿದಿರುತ್ತದೆ. ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಚಿಕಿತ್ಸಕರೂ ಪೆಥಾಲಜಿಸ್ಟರೂ ಮೊದಲೇ ಮಾತಾಡಿಕೊಳ್ಳಬೇಕು.

ಹಂತ 3: ಗಡ್ಡೆ ಇರುವ ಜಾಗಕ್ಕೆ ತಕ್ಕ ಅಂಗಾಂಶ ಪರೀಕ್ಷೆ

ಟಾನ್ಸಿಲ್, ನಾಲಿಗೆಯ ಬುಡ, ಮೆದು ಅಂಗುಳ ಇವು ಸೇರಿದ ಓರೋಫ್ಯಾರಿಂಕ್ಸ್‌ನ ಪ್ರತಿಯೊಂದು ಸ್ಕ್ವಾಮಸ್ ಕ್ಯಾನ್ಸರ್‌ನಲ್ಲೂ ಪಿ16 ಪರೀಕ್ಷೆ ಆಗಲೇಬೇಕು. ಇದರ ಹಿಂದಿನ ತರ್ಕ ತಿಳಿದಿದ್ದರೆ ವರದಿಯನ್ನು ಓದುವುದು ಸುಲಭ. ಎಚ್‌ಪಿವಿಯ ಇ6 ಎಂಬ ಪ್ರೋಟೀನ್ ಕೋಶದ ಕಾವಲುಗಾರ ಪಿ53 ಅನ್ನು ನಾಶಮಾಡುತ್ತದೆ. ಇ7 ಎಂಬ ಪ್ರೋಟೀನ್ ಕೋಶವಿಭಜನೆಯನ್ನು ತಡೆಯುವ ಆರ್‌ಬಿ ಪ್ರೋಟೀನನ್ನು ನಿಷ್ಕ್ರಿಯಗೊಳಿಸುತ್ತದೆ. ಆರ್‌ಬಿ ಇಲ್ಲವಾದಾಗ ಕೋಶವು ಪಿ16 ಎಂಬ ಪ್ರೋಟೀನನ್ನು ರಾಶಿ ರಾಶಿಯಾಗಿ ತಯಾರಿಸತೊಡಗುತ್ತದೆ. ಹಾಗಾಗಿ ಪಿ16 ಎಂಬುದು ವೈರಸ್ ಅಲ್ಲ, ವೈರಸ್ ಕೆಲಸಮಾಡುತ್ತಿದೆ ಎಂಬುದರ ಪರೋಕ್ಷ ಕುರುಹು. ಕನಿಷ್ಠ ಶೇಕಡಾ 70ರಷ್ಟು ಗಡ್ಡೆಕೋಶಗಳ ಕೋಶಕೇಂದ್ರ ಮತ್ತು ಕೋಶದ್ರವ್ಯ ಎರಡರಲ್ಲೂ ಮಧ್ಯಮದಿಂದ ಗಾಢ ಬಣ್ಣ ಕಂಡಾಗ ಮಾತ್ರ ಪಾಸಿಟಿವ್ ಎನ್ನಬೇಕು. ಅಲ್ಲಲ್ಲಿ ತೇಪೆ ಹಚ್ಚಿದಂತೆ ಕಂಡ ಬಣ್ಣ ಪಾಸಿಟಿವ್ ಅಲ್ಲ.

ಈ ಫಲಿತಾಂಶ ಕಾಯಿಲೆಯ ಹಂತವನ್ನೇ ಬದಲಿಸುತ್ತದೆ. ಕ್ಯಾನ್ಸರ್ ಹಂತಗಳನ್ನು ನಿಗದಿಪಡಿಸುವ ಅಮೆರಿಕದ ಸಮಿತಿಯಾದ ಎಜೆಸಿಸಿಯ, 2018ರಲ್ಲಿ ಜಾರಿಗೆ ಬಂದ ಎಂಟನೆಯ ಆವೃತ್ತಿಯ ವರ್ಗೀಕರಣದಲ್ಲಿ ಪಿ16 ಪಾಸಿಟಿವ್ ಓರೋಫ್ಯಾರಿಂಕ್ಸ್ ಕ್ಯಾನ್ಸರ್‌ಗೆ ಪ್ರತ್ಯೇಕ ಕೋಷ್ಟಕವಿದೆ. ಕುತ್ತಿಗೆಯ ಒಂದೇ ಬದಿಯಲ್ಲಿ 6 ಸೆಂಟಿಮೀಟರ್ ಮೀರದ ಹಲವು ಗಂಟುಗಳಿದ್ದರೂ, ಗಡ್ಡೆ ಚಿಕ್ಕದಾಗಿದ್ದರೆ, ಅದನ್ನು ಮೊದಲ ಹಂತದ ಕಾಯಿಲೆಯೆಂದೇ ಎಣಿಸಲಾಗುತ್ತದೆ. 2010ರಲ್ಲಿ ಪ್ರಕಟವಾದ ಪ್ರಸಿದ್ಧ ವಿಶ್ಲೇಷಣೆಯೊಂದರಲ್ಲಿ ಮೂರು ವರ್ಷಗಳ ಬದುಕುಳಿವು ಎಚ್‌ಪಿವಿ ಪಾಸಿಟಿವ್ ರೋಗಿಗಳಲ್ಲಿ ಶೇಕಡಾ 82.4, ನೆಗೆಟಿವ್ ರೋಗಿಗಳಲ್ಲಿ ಶೇಕಡಾ 57.1 ಇತ್ತು. ಅದೇ ಅಧ್ಯಯನವು ದೀರ್ಘಕಾಲ ಧೂಮಪಾನ ಮಾಡಿದವರಲ್ಲಿ ಈ ಅನುಕೂಲ ಕುಗ್ಗುತ್ತದೆ ಎಂಬುದನ್ನೂ ತೋರಿಸಿತು.

ಮುನ್ನೋಟ ಚೆನ್ನಾಗಿದೆ ಎಂದ ಮಾತ್ರಕ್ಕೆ ಚಿಕಿತ್ಸೆಯನ್ನು ತನ್ನಿಚ್ಛೆಯಂತೆ ಇಳಿಸಬಾರದು. ವಿಕಿರಣದ ಜೊತೆ ಕೊಡುವ ಕಿಮೋ ಔಷಧ ಸಿಸ್‌ಪ್ಲಾಟಿನ್ ಬದಲಿಗೆ, ಇಜಿಎಫ್‌ಆರ್ ಎಂಬ ಪ್ರೋಟೀನನ್ನು ತಡೆಯುವ ಸೆಟುಕ್ಸಿಮ್ಯಾಬ್ ಕೊಟ್ಟರೆ ಅಡ್ಡಪರಿಣಾಮ ಕಡಿಮೆಯಾದೀತು ಎಂದು ನಡೆಸಿದ ಎರಡು ದೊಡ್ಡ ಪ್ರಯೋಗಗಳು, ಆರ್‌ಟಿಒಜಿ 1016 ಮತ್ತು ಡಿ-ಎಸ್ಕಲೇಟ್ ಎಚ್‌ಪಿವಿ, ಬದುಕುಳಿವು ಇಳಿದದ್ದನ್ನೇ ಕಂಡವು. ಹೇಳಿಕೊಂಡಂತೆ ಅಡ್ಡಪರಿಣಾಮವೂ ತಗ್ಗಲಿಲ್ಲ. ಸೂಚಕವೊಂದು ಮುನ್ನೋಟವನ್ನು ಹೇಳುತ್ತದೆ ಎಂಬುದಕ್ಕೂ ಚಿಕಿತ್ಸೆಯನ್ನು ಬದಲಿಸಲು ಅನುಮತಿ ಕೊಡುತ್ತದೆ ಎಂಬುದಕ್ಕೂ ಇರುವ ಅಂತರವನ್ನು ಈ ಪ್ರಯೋಗಗಳು ಕಲಿಸಿದಷ್ಟು ಸ್ಪಷ್ಟವಾಗಿ ಬೇರಾವುದೂ ಕಲಿಸಿಲ್ಲ ಎಂದು ನನಗನ್ನಿಸುತ್ತದೆ.

ಪಿ16 ಮತ್ತು ಎಚ್‌ಪಿವಿ ಪರೀಕ್ಷೆಗಳು ಯಾವಾಗಲೂ ಒಂದೇ ಮಾತನ್ನು ಹೇಳುವುದಿಲ್ಲ. 7,600ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 9ರಷ್ಟು ಮಂದಿಯಲ್ಲಿ ಎರಡೂ ಫಲಿತಾಂಶಗಳು ಬೇರೆ ಬೇರೆಯಾಗಿದ್ದವು, ಅಂಥವರ ಬದುಕುಳಿವು ಎರಡೂ ಪಾಸಿಟಿವ್ ಆದವರಷ್ಟು ಚೆನ್ನಾಗಿರಲಿಲ್ಲ. ಆದ್ದರಿಂದ ಚಿಕಿತ್ಸೆಯನ್ನು ತಗ್ಗಿಸುವ ಪ್ರಯೋಗಕ್ಕೆ ರೋಗಿಯನ್ನು ಸೇರಿಸುವ ಮುನ್ನ, ಅಥವಾ ಧೂಮಪಾನದ ಇತಿಹಾಸ ಮತ್ತು ಗಡ್ಡೆಯ ನೋಟ ಪಿ16 ಫಲಿತಾಂಶಕ್ಕೆ ಹೊಂದದಿದ್ದಾಗ, ಎಚ್‌ಪಿವಿಯ ಡಿಎನ್‌ಎ ಅಥವಾ ಇ6, ಇ7 ಆರ್‌ಎನ್‌ಎಯನ್ನು ನೇರವಾಗಿ ಹುಡುಕಬೇಕು. ಬಾಯಿ ಮತ್ತು ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗಳಲ್ಲಿ ಪಿ16 ಅನ್ನು ವಾಡಿಕೆಯಾಗಿ ಮಾಡಿಸುವ ಅಗತ್ಯವಿಲ್ಲ. ಅಲ್ಲಿ ಅದು ವೈರಸ್ಸನ್ನು ನಂಬಲರ್ಹವಾಗಿ ಸೂಚಿಸುವುದಿಲ್ಲ.

ಮೂಲ ಗಡ್ಡೆ ಎಲ್ಲಿದೆಯೆಂದು ತಿಳಿಯದೆ ಕುತ್ತಿಗೆಯ ಗಂಟಿನಲ್ಲಿ ಮಾತ್ರ ಕ್ಯಾನ್ಸರ್ ಕಂಡಾಗ ಸೂಚಕಗಳು ದಾರಿ ತೋರಿಸುತ್ತವೆ. ಕುತ್ತಿಗೆಯ ಮೇಲ್ಭಾಗದ ಗಂಟಿನಲ್ಲಿ ಪಿ16 ಮತ್ತು ಎಚ್‌ಪಿವಿ ಇದ್ದರೆ ಟಾನ್ಸಿಲ್ ಹಾಗೂ ನಾಲಿಗೆಯ ಬುಡವನ್ನು ಹುಡುಕಬೇಕು. ಇಬಿವಿಯ ಆರ್‌ಎನ್‌ಎಯನ್ನು ತೋರಿಸುವ ಎಬರ್ ಪರೀಕ್ಷೆ ಪಾಸಿಟಿವ್ ಆದರೆ ಮೂಗಿನ ಹಿಂಭಾಗವನ್ನು ನೋಡಬೇಕು. ಲಾಲಾಗ್ರಂಥಿಯ ಕ್ಯಾನ್ಸರ್‌ಗಳದ್ದು ಬೇರೆಯೇ ಲೋಕ: ಅಡಿನಾಯ್ಡ್ ಸಿಸ್ಟಿಕ್ ಬಗೆಯಲ್ಲಿ ಮಿಬ್-ಎನ್‌ಎಫ್‌ಐಬಿ, ಸೆಕ್ರೆಟರಿ ಬಗೆಯಲ್ಲಿ ಇಟಿವಿ6-ಎನ್‌ಟಿಆರ್‌ಕೆ3 ಎಂಬ ವಂಶವಾಹಿ ಬೆಸುಗೆಗಳು ಕಾಣುತ್ತವೆ. ಎರಡನೆಯದಕ್ಕೆ ನೇರ ಗುರಿಯಿಡುವ ಔಷಧಗಳಿರುವುದರಿಂದ ಅದನ್ನು ತಪ್ಪಿಸಿಕೊಳ್ಳಬಾರದು. ಲಾಲಾನಾಳದ ಕಾರ್ಸಿನೋಮಾದಲ್ಲಿ, ಔಷಧದ ಗುರಿಗಳಾಗಬಲ್ಲ ಹರ್2 ಪ್ರೋಟೀನ್ ಮತ್ತು ಆಂಡ್ರೋಜನ್ ಹಾರ್ಮೋನಿನ ಗ್ರಾಹಕವನ್ನು ಪರೀಕ್ಷಿಸಬೇಕು.

ದೇಹದ ರೋಗನಿರೋಧಕ ಶಕ್ತಿಯನ್ನು ಗಡ್ಡೆಯ ಮೇಲೆ ಬಿಡುವ ಇಮ್ಯುನೊಥೆರಪಿಯನ್ನು ಯೋಚಿಸುವಾಗ, ಆ ಶಕ್ತಿಗೆ ತಡೆಯೊಡ್ಡುವ ಪಿಡಿ-ಎಲ್1 ಎಂಬ ಪ್ರೋಟೀನಿನ ಪರೀಕ್ಷೆ ಬರುತ್ತದೆ. ಇಲ್ಲಿ ಸಿಪಿಎಸ್ ಎಂಬ ಅಂಕವನ್ನು ಲೆಕ್ಕಹಾಕುತ್ತಾರೆ: ಪಿಡಿ-ಎಲ್1 ಬಣ್ಣ ಹಿಡಿದ ಗಡ್ಡೆಕೋಶ, ಲಿಂಫೋಸೈಟ್ ಮತ್ತು ಮ್ಯಾಕ್ರೋಫೇಜ್‌ಗಳ ಒಟ್ಟು ಸಂಖ್ಯೆಯನ್ನು ಜೀವಂತ ಗಡ್ಡೆಕೋಶಗಳ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಬೇಕು. ಮಾದರಿಯಲ್ಲಿ ಕನಿಷ್ಠ 100 ಜೀವಂತ ಗಡ್ಡೆಕೋಶಗಳಿರಲೇಬೇಕು. ಕೀನೋಟ್-048 ಪ್ರಯೋಗದಲ್ಲಿ, ಮರುಕಳಿಸಿದ ಅಥವಾ ಹರಡಿದ ಕಾಯಿಲೆಯಲ್ಲಿ, ಅಂಕ 20 ಅಥವಾ ಹೆಚ್ಚಿದ್ದವರ ಮಧ್ಯಂಕ ಬದುಕುಳಿವು (ಅರ್ಧದಷ್ಟು ಮಂದಿ ಇದಕ್ಕಿಂತ ಹೆಚ್ಚು ಕಾಲ ಬದುಕಿದ ಅವಧಿ) ಇಮ್ಯುನೊಥೆರಪಿ ಔಷಧವಾದ ಪೆಂಬ್ರೊಲಿಜುಮ್ಯಾಬ್‌ನಿಂದ 14.9 ತಿಂಗಳು, ಹಿಂದಿನ ಪ್ರಮಾಣಿತ ಚಿಕಿತ್ಸೆಯಿಂದ 10.7 ತಿಂಗಳು ಆಗಿತ್ತು. ಅಂಕ 1 ಅಥವಾ ಹೆಚ್ಚಿದ್ದರೂ ಲಾಭ ಕಂಡಿತು, ಆದರೆ ಚಿಕ್ಕದು. ಇದಕ್ಕೆ ವಿರುದ್ಧವಾಗಿ ಇಜಿಎಫ್‌ಆರ್ ಪ್ರೋಟೀನ್ ಬಹುಪಾಲು ಗಡ್ಡೆಗಳಲ್ಲಿ ಹೆಚ್ಚಿರುತ್ತದೆ. ಅದರ ಪ್ರಮಾಣ ಸೆಟುಕ್ಸಿಮ್ಯಾಬ್ ಫಲಿಸುತ್ತದೆಯೇ ಎಂಬುದನ್ನು ಹೇಳುವುದಿಲ್ಲವಾದ್ದರಿಂದ ಅದನ್ನು ಮಾಡಿಸಿ ಪ್ರಯೋಜನವಿಲ್ಲ.

ಹಂತ 4: ಚಿಕಿತ್ಸೆ ಆರಂಭವಾಗುವ ಮುನ್ನವೇ ರಕ್ತದ ಮಾದರಿ ತೆಗೆಯಿರಿ

ಗಡ್ಡೆಯ ಕೋಶಗಳು ಸಾಯುವಾಗ ಅವುಗಳ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರುತ್ತವೆ. ಈ ಚೂರುಗಳ ಆಯಸ್ಸು ಬಹಳ ಕಡಿಮೆ, ಅರ್ಧಾಯುಷ್ಯ, ಅಂದರೆ ಅವುಗಳ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಕಾಲ, ಹೆಚ್ಚೆಂದರೆ ಎರಡು ಗಂಟೆಗಳ ಆಸುಪಾಸು. ಇಂದಿನ ಮಾದರಿ ಇಂದಿನ ಗಡ್ಡೆಯ ಸ್ಥಿತಿಯನ್ನೇ ಹೇಳುವುದು ಇದರಿಂದಲೇ. ಆದರೆ ಚಿಕಿತ್ಸೆಗೆ ಮೊದಲು ಎಷ್ಟಿತ್ತು ಎಂಬ ಆರಂಭಿಕ ಮಟ್ಟ ಗೊತ್ತಿಲ್ಲದಿದ್ದರೆ ಮುಂದಿನ ಯಾವ ಸಂಖ್ಯೆಯನ್ನೂ ಸರಿಯಾಗಿ ಓದಲಾಗದು. ಎಚ್‌ಪಿವಿ ಮೂಲದ ಓರೋಫ್ಯಾರಿಂಕ್ಸ್ ಕ್ಯಾನ್ಸರ್ ಇರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಯ ರಕ್ತದಲ್ಲಿ ಚಿಕಿತ್ಸೆಗೆ ಮುನ್ನ ವೈರಸ್‌ನ ಡಿಎನ್‌ಎ ಸಿಗುತ್ತದೆ. ಉಳಿದವರಲ್ಲಿ ಮೊದಲಿನಿಂದಲೂ ಸಿಗದಿದ್ದರೆ, ಚಿಕಿತ್ಸೆಯ ನಂತರ ಬಂದ ನೆಗೆಟಿವ್ ವರದಿಗೆ ಬೆಲೆಯಿಲ್ಲ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ನೆನಪಾಗಿ ಪರೀಕ್ಷೆ ಮಾಡಿಸುವುದು ಅತ್ಯಂತ ಸಾಮಾನ್ಯವಾದ ಲೋಪ, ಅದನ್ನು ಆಮೇಲೆ ಸರಿಪಡಿಸುವ ದಾರಿಯೇ ಇಲ್ಲ.

ಮಾದರಿ ತೆಗೆಯುವಾಗ ಗಮನಿಸಬೇಕಾದವು ಇವು. ರಕ್ತ ಹೆಪ್ಪುಗಟ್ಟುವಾಗ ಬಿಳಿ ರಕ್ತಕಣಗಳು ಒಡೆದು ತಮ್ಮ ಡಿಎನ್‌ಎಯನ್ನು ಸುರಿದು ಗಡ್ಡೆಯ ಚೂರುಗಳನ್ನು ಮುಚ್ಚಿಹಾಕುತ್ತವೆ. ಆದ್ದರಿಂದ ಹೆಪ್ಪುಗಟ್ಟಿದ ಮೇಲೆ ಉಳಿಯುವ ಸೀರಂ ಬೇಡ, ಹೆಪ್ಪುಗಟ್ಟದಂತೆ ತಡೆದ ರಕ್ತದ ದ್ರವಭಾಗವಾದ ಪ್ಲಾಸ್ಮಾ ಬೇಕು. ಇಡಿಟಿಎ ಟ್ಯೂಬಿನಲ್ಲಿ ತೆಗೆದ ರಕ್ತವನ್ನು ಕೆಲವೇ ಗಂಟೆಗಳೊಳಗೆ ಸೆಂಟ್ರಿಫ್ಯೂಜ್ ಮಾಡಬೇಕು, ಅಂದರೆ ವೇಗವಾಗಿ ತಿರುಗಿಸಿ ಪದರಗಳನ್ನು ಬೇರ್ಪಡಿಸಬೇಕು. ಪ್ರಯೋಗಾಲಯ ದೂರವಿದ್ದರೆ ಕೋಶಗಳು ಒಡೆಯದಂತೆ ಕಾಪಾಡುವ ವಿಶೇಷ ಟ್ಯೂಬುಗಳನ್ನು ಬಳಸಬೇಕು. ಅವುಗಳಲ್ಲಿ ಮಾದರಿ ಹಲವು ದಿನ ಕೆಡದೆ ಉಳಿಯುತ್ತದೆ, ಆದರೆ ಅವನ್ನು ಫ್ರೀಜರಿನಲ್ಲಿ ಇಡಬಾರದು. ಸೆಂಟ್ರಿಫ್ಯೂಜನ್ನು ಎರಡು ಬಾರಿ ನಡೆಸುವುದು ರೂಢಿ: ಮೊದಲು ನಿಧಾನ ವೇಗದಲ್ಲಿ, ಸುಮಾರು 1,600 ಜಿ ಬಲದಲ್ಲಿ, ಬಳಿಕ ಮೇಲಿನ ಪ್ಲಾಸ್ಮಾವನ್ನು ಬೇರೆ ಟ್ಯೂಬಿಗೆ ತೆಗೆದು ಸುಮಾರು 16,000 ಜಿ ಬಲದಲ್ಲಿ. ಪ್ಲಾಸ್ಮಾವನ್ನು ಚಿಕ್ಕ ಪಾಲುಗಳಾಗಿ ಹಂಚಿ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಕೆಳಗುಳಿದ ಬಿಳಿ ರಕ್ತಕಣಗಳ ಪದರವನ್ನು ಚೆಲ್ಲಬಾರದು. ಅದರ ಉಪಯೋಗ ಎಂಟನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 5: ವಿಧಾನದ ಆಯ್ಕೆ, ಅದರ ಮಿತಿಯ ಲೆಕ್ಕ

ಇದು ಸಂಖ್ಯೆಗಳ ವಿಷಯವಾದರೂ ಬಿಟ್ಟು ಮುಂದೆ ಹೋಗಬಾರದು. 10 ಮಿಲಿಲೀಟರ್ ರಕ್ತದಿಂದ ಸುಮಾರು 4 ಮಿಲಿಲೀಟರ್ ಪ್ಲಾಸ್ಮಾ ಸಿಗುತ್ತದೆ ಎಂದುಕೊಳ್ಳೋಣ. ಅದರಲ್ಲಿ ಪ್ರತಿ ಮಿಲಿಲೀಟರಿಗೆ 5 ನ್ಯಾನೋಗ್ರಾಂ ಡಿಎನ್‌ಎ ಇದ್ದರೆ ಒಟ್ಟು 20 ನ್ಯಾನೋಗ್ರಾಂ. ಒಂದು ನ್ಯಾನೋಗ್ರಾಂನಲ್ಲಿ ಮನುಷ್ಯನ ಜೀನೋಮ್‌ನ ಸುಮಾರು 300 ಪ್ರತಿಗಳಿರುವುದರಿಂದ ನಮ್ಮ ಕೈಯಲ್ಲಿರುವುದು 6,000 ಪ್ರತಿಗಳು. ಗಡ್ಡೆಯ ಪಾಲು ಅದರಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ಮಾತ್ರ ಇದ್ದರೆ, ಒಂದು ನಿರ್ದಿಷ್ಟ ಮ್ಯುಟೇಶನ್, ಅಂದರೆ ಡಿಎನ್‌ಎಯ ಬದಲಾವಣೆ, ಹೊತ್ತ ಚೂರು ಆ ಟ್ಯೂಬಿನಲ್ಲಿ ಒಂದೂ ಇಲ್ಲದಿರಬಹುದು. ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಟ್ಯೂಬಿನಲ್ಲಿ ಇಲ್ಲದ್ದನ್ನು ಅದು ಹುಡುಕಿಕೊಡಲಾರದು.

ವೈರಸ್ ಮೂಲದ ಕ್ಯಾನ್ಸರ್‌ಗಳಲ್ಲಿ ರಕ್ತಪರೀಕ್ಷೆ ಅಷ್ಟು ಯಶಸ್ವಿಯಾಗಿರುವುದಕ್ಕೆ ಕಾರಣವೂ ಇಲ್ಲೇ ಇದೆ. ಒಂದು ಗಡ್ಡೆಕೋಶದಲ್ಲಿ ವೈರಸ್ ಡಿಎನ್‌ಎಯ ಹಲವು ಪ್ರತಿಗಳಿರಬಹುದು. ಇಬಿವಿಯ ಪರೀಕ್ಷೆಗೆ ಬಳಸುವ ಬ್ಯಾಮ್‌ಎಚ್1-ಡಬ್ಲ್ಯು ಎಂಬ ಭಾಗವಂತೂ ವೈರಸ್‌ನ ಒಂದೇ ಜೀನೋಮ್‌ನಲ್ಲಿ ಹಲವು ಸಲ ಪುನರಾವರ್ತನೆಯಾಗುತ್ತದೆ. ಇದರ ಮೇಲೆ, ಮನುಷ್ಯನ ಸ್ವಂತ ಡಿಎನ್‌ಎಯಲ್ಲಿ ಈ ಸರಣಿಯೇ ಇಲ್ಲವಾದ್ದರಿಂದ ಹಿನ್ನೆಲೆಯ ಗೊಂದಲವಿಲ್ಲ. ಎಚ್‌ಪಿವಿಗೆ, ಮಾದರಿಯನ್ನು ಸಾವಿರಾರು ಸಣ್ಣ ಹನಿಗಳಾಗಿ ಹಂಚಿ ಡಿಎನ್‌ಎ ಪ್ರತಿಗಳನ್ನು ಎಣಿಸುವ ಡ್ರಾಪ್ಲೆಟ್ ಡಿಜಿಟಲ್ ಪಿಸಿಆರ್ ಬಳಸಿ 16, 18, 31, 33, 35 ತಳಿಗಳನ್ನು ಹುಡುಕುವುದು ಸಾಮಾನ್ಯ. ಹತ್ತರಲ್ಲಿ ಒಂಬತ್ತು ಎಚ್‌ಪಿವಿ ಗಂಟಲ ಕ್ಯಾನ್ಸರ್‌ಗಳಿಗೆ 16ನೆಯ ತಳಿಯೇ ಕಾರಣವಾದರೂ, ಅದೊಂದನ್ನೇ ನೋಡುವ ಪರೀಕ್ಷೆ ಉಳಿದವರನ್ನು ಬಿಟ್ಟುಬಿಡುತ್ತದೆ.

ಒಮ್ಮೆ ಆರಿಸಿದ ಪ್ರಯೋಗಾಲಯ ಮತ್ತು ವಿಧಾನವನ್ನು ಕೊನೆಯವರೆಗೂ ಬದಲಿಸಬೇಡಿ. ಒಂದೇ ಪ್ಲಾಸ್ಮಾಕ್ಕೆ ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ಇಬಿವಿ ಸಂಖ್ಯೆ ಕೊಡುವುದು ಚೆನ್ನಾಗಿ ತಿಳಿದಿರುವ ಸಮಸ್ಯೆ.

ಹಂತ 6: ಚಿಕಿತ್ಸೆಯ ನಡುವಿನ ಏರಿಳಿತವನ್ನು ಓದುವುದು

ವಿಕಿರಣ ಆರಂಭವಾದ ಮೊದಲ ವಾರದಲ್ಲಿ ಕೆಲವರಲ್ಲಿ ವೈರಸ್ ಡಿಎನ್‌ಎ ಇಳಿಯುವ ಬದಲು ಏರುತ್ತದೆ. ಕೋಶಗಳು ಒಮ್ಮೆಲೇ ಸಾಯುತ್ತಿರುವುದೇ ಇದಕ್ಕೆ ಕಾರಣವಾಗಿರಬಹುದಾದ್ದರಿಂದ, ಆ ಒಂದು ಏರಿಕೆಯನ್ನು ಚಿಕಿತ್ಸೆಯ ಸೋಲೆಂದು ಓದಬಾರದು. ನೋಡಬೇಕಾದದ್ದು ನಾಲ್ಕನೆಯ ವಾರದ ಹೊತ್ತಿನ ಇಳಿಕೆ. ಆರಂಭದಲ್ಲಿ ಪ್ರತಿ ಮಿಲಿಲೀಟರಿಗೆ 200ಕ್ಕಿಂತ ಹೆಚ್ಚು ಪ್ರತಿಗಳಿದ್ದು, 28ನೆಯ ದಿನಕ್ಕೆ ಶೇಕಡಾ 95ಕ್ಕಿಂತ ಹೆಚ್ಚು ಇಳಿದವರಲ್ಲಿ ಕಾಯಿಲೆ ಹತೋಟಿಗೆ ಬರುವ ಸಂಭವ ಹೆಚ್ಚೆಂದು ಎಚ್‌ಪಿವಿ ರೋಗಿಗಳ ಅಧ್ಯಯನವೊಂದು ತೋರಿಸಿತು. ಇದು ಮುನ್ನೋಟವನ್ನು ತಿದ್ದಿಕೊಳ್ಳಲು ನೆರವಾಗುತ್ತದೆ. ಇಳಿಕೆ ಚೆನ್ನಾಗಿದೆ ಎಂದು ವಿಕಿರಣವನ್ನು ಅರ್ಧಕ್ಕೆ ನಿಲ್ಲಿಸುವ ಅಧಿಕಾರವನ್ನು ಅದು ಯಾರಿಗೂ ಕೊಡುವುದಿಲ್ಲ.

ಹಂತ 7: ಚಿಕಿತ್ಸೆ ಮುಗಿದ ಮೇಲಿನ ನಿಗಾ

ಮರುಕಳಿಕೆಗಳಲ್ಲಿ ಹೆಚ್ಚಿನವು ಮೊದಲ ಎರಡು ವರ್ಷಗಳಲ್ಲೇ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಆ ಅವಧಿಯಲ್ಲಿ ಭೇಟಿಗಳು ಹತ್ತಿರ ಹತ್ತಿರವಿರಬೇಕು, ಆಮೇಲೆ ಅಂತರ ಹೆಚ್ಚಿಸಬಹುದು. ಕಿಮೋ ಮತ್ತು ವಿಕಿರಣ ಮುಗಿದ ಸುಮಾರು 12 ವಾರಗಳಿಗೆ ಪೆಟ್-ಸಿಟಿ ಸ್ಕ್ಯಾನ್ ಮಾಡುವುದು ಒಪ್ಪಿತವಾದ ಪದ್ಧತಿ. ಎಚ್‌ಪಿವಿ ರಕ್ತಪರೀಕ್ಷೆಯನ್ನು ಈ ಭೇಟಿಗಳ ಜೊತೆ ಸೇರಿಸಿಕೊಳ್ಳಬೇಕೇ ಹೊರತು ಅವುಗಳ ಬದಲಿಗೆ ಇಟ್ಟುಕೊಳ್ಳಬಾರದು.

2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇಲ್ಲಿ ಒಳ್ಳೆಯ ಮಾರ್ಗದರ್ಶಕ. ಚಿಕಿತ್ಸೆ ಮುಗಿಸಿದ 115 ರೋಗಿಗಳನ್ನು ನಿಯತವಾಗಿ ಪರೀಕ್ಷಿಸಿದಾಗ 87 ಮಂದಿಯಲ್ಲಿ ವೈರಸ್ ಡಿಎನ್‌ಎ ಒಮ್ಮೆಯೂ ಕಾಣಲಿಲ್ಲ, ಅವರಲ್ಲಿ ಒಬ್ಬರಿಗೂ ಕಾಯಿಲೆ ಮರುಕಳಿಸಲಿಲ್ಲ. ಉಳಿದ 28 ಮಂದಿಯಲ್ಲಿ ಒಮ್ಮೆಯಾದರೂ ಪಾಸಿಟಿವ್ ಬಂದಿತು, ಆದರೆ ಮರುಕಳಿಸಿದ್ದು 15 ಮಂದಿಗೆ. ಸತತ ಎರಡು ಬಾರಿ ಪಾಸಿಟಿವ್ ಬಂದ 16 ಮಂದಿಯನ್ನು ಮಾತ್ರ ನೋಡಿದರೆ ಅವರಲ್ಲಿ 15 ಮಂದಿಗೆ ಕಾಯಿಲೆ ಮರಳಿತ್ತು. ಇದರಿಂದ ಸಿಗುವ ಕಾರ್ಯಸೂತ್ರ ಸ್ಪಷ್ಟ: ಒಂದು ಪಾಸಿಟಿವ್ ವರದಿ ಬಂದರೆ ಗಾಬರಿಯಾಗದೆ ಕೆಲವು ವಾರಗಳ ಅಂತರದಲ್ಲಿ ಮತ್ತೆ ಪರೀಕ್ಷಿಸಿ, ಎರಡನೆಯದೂ ಪಾಸಿಟಿವ್ ಆದರೆ ಪೂರ್ಣ ತಪಾಸಣೆ, ಎಂಡೋಸ್ಕೋಪಿ ಮತ್ತು ಸ್ಕ್ಯಾನ್ ಮಾಡಿ, ಕಂಡದ್ದನ್ನು ಬಯಾಪ್ಸಿಯಿಂದ ಖಚಿತಪಡಿಸಿಕೊಂಡ ಮೇಲೆಯೇ ಚಿಕಿತ್ಸೆ ಆರಂಭಿಸಿ. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ಶ್ವಾಸಕೋಶದಂಥ ದೂರದ ಅಂಗಗಳನ್ನು ಗಮನಿಸುತ್ತ ಕಡಿಮೆ ಅಂತರದಲ್ಲಿ ಮರುಪರೀಕ್ಷೆ ಮಾಡಬೇಕು. ಗರ್ಭಕಂಠ, ಗುದದ್ವಾರದಂಥ ಬೇರೆ ಜಾಗಗಳ ಎಚ್‌ಪಿವಿ ಕ್ಯಾನ್ಸರ್‌ಗಳೂ ಇದೇ ಡಿಎನ್‌ಎಯನ್ನು ರಕ್ತಕ್ಕೆ ಬಿಡಬಲ್ಲವು ಎಂಬುದನ್ನು ಮರೆಯಬಾರದು.

ನೇಸೋಫ್ಯಾರಿಂಕ್ಸ್ ಕ್ಯಾನ್ಸರ್‌ನಲ್ಲಿ ಪ್ಲಾಸ್ಮಾ ಇಬಿವಿ ಡಿಎನ್‌ಎಯ ಇತಿಹಾಸ ಇನ್ನೂ ಹಳೆಯದು. ಹಾಂಗ್‌ಕಾಂಗ್‌ನ ಡೆನ್ನಿಸ್ ಲೋ ಅವರ ತಂಡ 1999ರಲ್ಲಿ 57 ರೋಗಿಗಳ ಪೈಕಿ 55 ಮಂದಿಯಲ್ಲಿ ಅದನ್ನು ಪತ್ತೆಹಚ್ಚಿತು. ವಿಕಿರಣ ಮುಗಿದ 6ರಿಂದ 8 ವಾರಗಳ ನಂತರವೂ ಅದು ಉಳಿದಿದ್ದರೆ ಮರುಕಳಿಕೆಯ ಅಪಾಯ ಬಹಳ ಹೆಚ್ಚು. ಹಾಗಾದರೆ ಅಂಥವರಿಗೆ ಹೆಚ್ಚುವರಿ ಕಿಮೋ ಕೊಟ್ಟರಾಯಿತಲ್ಲ ಎಂಬ ಯೋಚನೆ ಸಹಜ. ಹಾಂಗ್‌ಕಾಂಗ್‌ನಲ್ಲೇ ಅದನ್ನು ಪ್ರಯೋಗದ ಮೂಲಕ ಪರೀಕ್ಷಿಸಿದರು, 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೆಚ್ಚುವರಿ ಕಿಮೋ ಪಡೆದವರಿಗೆ ಲಾಭವಾಗಿರಲಿಲ್ಲ. ಅಪಾಯವನ್ನು ಮೊದಲೇ ತಿಳಿಯುವುದು ಒಂದು, ತಿಳಿದ ಅಪಾಯವನ್ನು ತಗ್ಗಿಸಬಲ್ಲ ಚಿಕಿತ್ಸೆ ಕೈಯಲ್ಲಿರುವುದು ಇನ್ನೊಂದು. ಇದಲ್ಲದೆ, ದೂರದ ಅಂಗಗಳಿಗೆ ಹರಡಿದ ಕಾಯಿಲೆಯನ್ನು ಈ ಪರೀಕ್ಷೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಮೂಲಸ್ಥಾನದಲ್ಲೇ ಮರಳಿದ ಚಿಕ್ಕ ಗಡ್ಡೆಯನ್ನು ಬಿಟ್ಟುಬಿಡಬಹುದು, ಎಂಡೋಸ್ಕೋಪಿಯನ್ನು ನಿಲ್ಲಿಸುವಂತಿಲ್ಲ.

ಹಂತ 8: ವೈರಸ್ ಇಲ್ಲದ ಕ್ಯಾನ್ಸರ್‌ಗಳು

ತಂಬಾಕು ಮೂಲದ ಗಡ್ಡೆಗಳಲ್ಲಿ ಎಲ್ಲರಿಗೂ ಹೊಂದುವ ಒಂದೇ ಗುರುತು ಇಲ್ಲ. ಪಿ53 ಪ್ರೋಟೀನಿನ ವಂಶವಾಹಿಯಾದ ಟಿಪಿ53ರಲ್ಲಿ ಮ್ಯುಟೇಶನ್ ಬಹುಪಾಲು ಮಂದಿಯಲ್ಲಿ ಇರುತ್ತದೆ, ಆದರೆ ಅದರ ಜಾಗ ಒಬ್ಬೊಬ್ಬರಲ್ಲಿ ಒಂದೊಂದು. ಹಾಗಾಗಿ ಮೊದಲು ಗಡ್ಡೆಯ ಡಿಎನ್‌ಎಯನ್ನು ಓದಿ, ಆ ರೋಗಿಗೆ ವಿಶಿಷ್ಟವಾದ ಹತ್ತಾರು ಮ್ಯುಟೇಶನ್‌ಗಳನ್ನು ಆರಿಸಿ, ಅವೆಲ್ಲವನ್ನೂ ರಕ್ತದಲ್ಲಿ ಒಟ್ಟಿಗೆ ಹುಡುಕುತ್ತಾರೆ. ಐದನೆಯ ಹಂತದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ: ಒಂದು ಜಾಗದಲ್ಲಿ ಚೂರು ಸಿಗದಿದ್ದರೂ ಐವತ್ತು ಜಾಗಗಳಲ್ಲಿ ಹುಡುಕಿದಾಗ ಎಲ್ಲಾದರೂ ಸಿಗುವ ಸಾಧ್ಯತೆ ಹೆಚ್ಚುತ್ತದೆ. ಚಿಕ್ಕ ಅಧ್ಯಯನಗಳಲ್ಲಿ ಸ್ಕ್ಯಾನಿಗಿಂತ ಕೆಲವು ತಿಂಗಳು ಮೊದಲೇ ಮರುಕಳಿಕೆ ಕಂಡಿದೆ. ಇದು ಆಶಾದಾಯಕ, ಆದರೆ ಇದರಿಂದ ರೋಗಿ ಹೆಚ್ಚು ಕಾಲ ಬದುಕುತ್ತಾರೆಯೇ ಎಂಬ ಪ್ರಶ್ನೆಗೆ ದೊಡ್ಡ ಪ್ರಯೋಗಗಳೇ ಉತ್ತರ ಕೊಡಬೇಕು.

ವಯಸ್ಸಾದಂತೆ ರಕ್ತಕಣಗಳಲ್ಲೂ ಮ್ಯುಟೇಶನ್‌ಗಳು ಸೇರಿಕೊಳ್ಳುತ್ತವೆ, ಟಿಪಿ53 ಕೂಡ ಅವುಗಳಲ್ಲೊಂದು. ಅವು ಪ್ಲಾಸ್ಮಾದಲ್ಲಿ ಕಂಡಾಗ ಗಡ್ಡೆಯದೆಂದು ತಪ್ಪು ತಿಳಿಯುವ ಅಪಾಯವಿದೆ. ಉಳಿಸಿಕೊಂಡ ಬಿಳಿ ರಕ್ತಕಣಗಳ ಡಿಎನ್‌ಎಯನ್ನೂ ಓದಿ, ಅಲ್ಲಿ ಕಂಡದ್ದನ್ನು ಲೆಕ್ಕದಿಂದ ತೆಗೆದುಹಾಕಬೇಕು.

ಲಾಲಾರಸ ಬಾಯಿಯ ಗಡ್ಡೆಯನ್ನು ನೇರವಾಗಿ ತೊಳೆದು ಬರುವುದರಿಂದ ಅದಕ್ಕೂ ಸ್ಥಾನವಿದೆ. 93 ರೋಗಿಗಳ 2015ರ ಅಧ್ಯಯನವೊಂದರಲ್ಲಿ ಗಡ್ಡೆಯ ಡಿಎನ್‌ಎ ಶೇಕಡಾ 76ರಷ್ಟು ಮಂದಿಯ ಲಾಲಾರಸದಲ್ಲಿ ಸಿಕ್ಕಿತು; ಬಾಯಿಯ ಕ್ಯಾನ್ಸರ್ ಇದ್ದ ಎಲ್ಲರಲ್ಲೂ ಸಿಕ್ಕಿತು, ಗಂಟಲಿನ ಕೆಳಭಾಗದವರಲ್ಲಿ ಕಡಿಮೆ. ಮಾದರಿ ಕೊಡುವ ಮುನ್ನ ಕನಿಷ್ಠ ಒಂದು ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು, ಹಲ್ಲುಜ್ಜಬಾರದು, ಧೂಮಪಾನ ಮಾಡಬಾರದು. ಐಎಲ್-8, ಐಎಲ್-1 ಬೀಟಾದಂಥ ಉರಿಯೂತದ ಪ್ರೋಟೀನ್‌ಗಳ ಮಟ್ಟ ಬಾಯಿಯ ಕ್ಯಾನ್ಸರ್‌ನಲ್ಲಿ ಏರುತ್ತದೆ ನಿಜ, ಆದರೆ ವಸಡಿನ ಉರಿಯೂತದಲ್ಲೂ ಏರುತ್ತದೆ. ಅವನ್ನು ಒಂಟಿಯಾಗಿ ನಂಬುವಂತಿಲ್ಲ.

ಹಂತ 9: ಬಾಯಿಯ ಬಿಳಿ ಮಚ್ಚೆಗಳು

ಬಾಯಿಯ ಬಿಳಿ ಅಥವಾ ಕೆಂಪು ಮಚ್ಚೆಗಳಲ್ಲಿ ಯಾವುದು ಕ್ಯಾನ್ಸರ್ ಆಗುತ್ತದೆ ಎಂಬುದನ್ನು ಊಹಿಸಲು ಕ್ರೋಮೊಸೋಮ್ 3 ಮತ್ತು 9ರ ಗಿಡ್ಡ ತೋಳುಗಳ ಭಾಗಗಳು ನಷ್ಟವಾಗಿವೆಯೇ ಎಂದು ನೋಡಲಾಗುತ್ತದೆ. 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈ ನಷ್ಟವಿದ್ದವರಿಗೆ ಕ್ಯಾನ್ಸರ್ ಬರುವ ಅಪಾಯ ಹೆಚ್ಚೆಂಬುದು ದೃಢಪಟ್ಟಿತು. ಆದರೆ ಅವರಿಗೆ ಕೊಟ್ಟ, ಇಜಿಎಫ್‌ಆರ್ ತಡೆಯುವ ಎರ್ಲೋಟಿನಿಬ್ ಮಾತ್ರೆ ಕ್ಯಾನ್ಸರನ್ನು ತಡೆಯಲಿಲ್ಲ. ಇಂತಹ ಫಲಿತಾಂಶ ಬಂದವರಲ್ಲಿ ಮಾಡಬೇಕಾದದ್ದು ತಂಬಾಕು ಬಿಡಿಸುವುದು, ಭೇಟಿಗಳ ಅಂತರ ಕಡಿಮೆ ಮಾಡುವುದು, ಮಚ್ಚೆಯ ನೋಟ ಬದಲಾದ ಕೂಡಲೇ ಮರು ಬಯಾಪ್ಸಿ ಮಾಡುವುದು. ಇಡೀ ಬಾಯಿಯನ್ನು ನೋಡಬೇಕು, ಏಕೆಂದರೆ ತಂಬಾಕಿನಿಂದಾದ ಹಾನಿ ಕಣ್ಣಿಗೆ ಕಾಣುವ ಮಚ್ಚೆಯ ಆಚೆಗೂ ಹರಡಿರುತ್ತದೆ.

ಹಂತ 10: ಲಕ್ಷಣವಿಲ್ಲದವರ ತಪಾಸಣೆ

ಇದರಲ್ಲಿ ದೃಢವಾದ ಪುರಾವೆ ಇರುವುದು ನೇಸೋಫ್ಯಾರಿಂಕ್ಸ್ ಕ್ಯಾನ್ಸರ್ ಹೆಚ್ಚಾಗಿರುವ ಪ್ರದೇಶಗಳಲ್ಲಿ. ಹಾಂಗ್‌ಕಾಂಗ್‌ನಲ್ಲಿ 40ರಿಂದ 62 ವಯಸ್ಸಿನ 20,174 ಪುರುಷರ ಪ್ಲಾಸ್ಮಾವನ್ನು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಮೊದಲ ಪರೀಕ್ಷೆಯಲ್ಲಿ 1,112 ಮಂದಿ ಪಾಸಿಟಿವ್, ಸುಮಾರು ನಾಲ್ಕು ವಾರಗಳ ನಂತರ ಮರುಪರೀಕ್ಷೆಯಲ್ಲಿ ಉಳಿದದ್ದು 309 ಮಂದಿ. ಎಂಡೋಸ್ಕೋಪಿ ಮತ್ತು ಎಂಆರ್‌ಐಗೆ ಒಪ್ಪಿದ 300 ಮಂದಿಯಲ್ಲಿ 34 ಮಂದಿಗೆ ಕ್ಯಾನ್ಸರ್ ಇತ್ತು, ಅವರಲ್ಲಿ ಶೇಕಡಾ 71ರಷ್ಟು ಮಂದಿ ಮೊದಲ ಎರಡು ಹಂತಗಳಲ್ಲಿದ್ದರು. ತಪಾಸಣೆ ಇಲ್ಲದ ಹಿಂದಿನ ರೋಗಿಗಳಲ್ಲಿ ಆ ಪ್ರಮಾಣ ಶೇಕಡಾ 20. ಇದೇ ಪರೀಕ್ಷೆಯನ್ನು ಈ ಕಾಯಿಲೆ ಅಪರೂಪವಾದ ಕಡೆ ನಡೆಸಿದರೆ ತಪ್ಪು ಪಾಸಿಟಿವ್‌ಗಳ ನಡುವೆ ನಿಜವಾದ ರೋಗಿಗಳು ಬೆರಳೆಣಿಕೆಯಷ್ಟು ಮಾತ್ರ ಸಿಕ್ಕಾರು.

ಎಚ್‌ಪಿವಿ 16ರ ಇ6 ಪ್ರತಿಕಾಯಗಳು ಗಂಟಲ ಕ್ಯಾನ್ಸರ್ ಪತ್ತೆಯಾಗುವುದಕ್ಕೆ ಹತ್ತು ವರ್ಷಕ್ಕೂ ಮೊದಲೇ ಕೆಲವರ ರಕ್ತದಲ್ಲಿ ಕಾಣುತ್ತವೆ. ಆದರೆ ಗರ್ಭಕಂಠದಲ್ಲಿರುವಂತೆ ಮೊದಲೇ ಗುರುತಿಸಿ ತೆಗೆಯಬಹುದಾದ ಪೂರ್ವಹಂತ ಟಾನ್ಸಿಲ್‌ನ ಸೀಳುಗಳೊಳಗೆ ಕಾಣಸಿಗುವುದಿಲ್ಲ. ಪಾಸಿಟಿವ್ ಬಂದವರಿಗೆ ಮಾಡಿಕೊಡಬಹುದಾದ ಖಚಿತ ಹೆಜ್ಜೆ ಇಲ್ಲದಿರುವಾಗ ಈ ಪರೀಕ್ಷೆ ಸಂಶೋಧನೆಯ ಚೌಕಟ್ಟಿನೊಳಗೆ ಇರುವುದೇ ಸರಿ.

ಹಂತ 11: ವರದಿಯನ್ನು ರೋಗಿಗೆ ವಿವರಿಸುವುದು

ಎಚ್‌ಪಿವಿ ಪಾಸಿಟಿವ್ ಎಂಬ ಮಾತು ಕೇಳಿದ ದಂಪತಿಗಳ ಮನಸ್ಸಿನಲ್ಲಿ ಸಂಶಯ ಮತ್ತು ಸಂಕೋಚ ಹುಟ್ಟುವುದುಂಟು. ಅವರು ಕೇಳುವವರೆಗೂ ಕಾಯದೆ ಹೇಳಬೇಕು. ಈ ಸೋಂಕು ಬಹಳ ಸಾಮಾನ್ಯ, ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೋಗುತ್ತದೆ, ಕ್ಯಾನ್ಸರ್‌ಗೆ ಕಾರಣವಾದ ಸೋಂಕು ದಶಕಗಳ ಹಿಂದಿನದಾಗಿರಬಹುದು. ಹಾಗಾಗಿ ಅದು ಯಾವಾಗ, ಯಾರಿಂದ ಬಂತೆಂದು ವರದಿ ಹೇಳಲಾರದು. ಸಂಗಾತಿಗೆ ವಿಶೇಷ ರಕ್ತಪರೀಕ್ಷೆಯ ಅಗತ್ಯವಿಲ್ಲ. ಮಹಿಳೆಯಾಗಿದ್ದರೆ ಎಲ್ಲರಿಗೂ ಹೇಳುವ ಗರ್ಭಕಂಠ ತಪಾಸಣೆಯನ್ನು ಸಮಯಕ್ಕೆ ಸರಿಯಾಗಿ ಮಾಡಿಸಿಕೊಂಡರೆ ಸಾಕು. ನಿಗಾದ ಪರೀಕ್ಷೆಗಳನ್ನು ಆರಂಭಿಸುವ ದಿನವೇ, ಒಂದು ಪಾಸಿಟಿವ್ ವರದಿ ಬಂದರೆ ಮುಂದಿನ ಹೆಜ್ಜೆ ಮರುಪರೀಕ್ಷೆ, ಕೂಡಲೇ ಚಿಕಿತ್ಸೆಯಲ್ಲ ಎಂಬುದನ್ನು ರೋಗಿಗೆ ತಿಳಿಸಿ, ಆ ಮಾತನ್ನು ಕಡತದಲ್ಲೂ ಬರೆದಿಡಿ. ಪ್ರತಿ ವರದಿಯ ಪಕ್ಕದಲ್ಲಿ ಮಾದರಿ ತೆಗೆದ ದಿನಾಂಕ, ಟ್ಯೂಬಿನ ಬಗೆ, ಪ್ರಯೋಗಾಲಯದ ಹೆಸರು, ವಿಧಾನ ಮತ್ತು ಅದರ ಪತ್ತೆಮಿತಿಯನ್ನು (ಅದು ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣವನ್ನು) ನಮೂದಿಸಿದರೆ, ಐದು ವರ್ಷಗಳ ನಂತರ ಕಡತವನ್ನು ಕೈಗೆತ್ತಿಕೊಳ್ಳುವ ಬೇರೆ ವೈದ್ಯರೂ ಆ ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ಓದಬಲ್ಲರು.